ಮರಾಠಿಯ ಭಂಗಾರ, ಕನ್ನಡದ ಬಂಗಾರ

ದೀಪಾವಳಿ ಹತ್ತಿರ ಬಂತೆಂದರೆ ಗಡಹಿಂಗ್ಲಜದ ಓಣಿಗಳಲ್ಲಿ ಕೈಗಾಡಿಯವನ ದನಿ ಜೋರಾಗುತ್ತದೆ. 'ಏ ಭಂಗಾರ್... ರದ್ದೀ...' ಎಂದು ಆತ ಕೂಗುತ್ತ ಬಂದರೆ, ಸಂಕೇಶ್ವರದಿಂದಲೋ ಹುಕ್ಕೇರಿಯಿಂದಲೋ ಹೊಸದಾಗಿ ಮದುವೆಯಾಗಿ ಬಂದ ಸೊಸೆ ಬಾಗಿಲಿಗೆ ಓಡಿ ಬಂದು, 'ಅತ್ತೀ, ಇಲ್ಲಿ ಬಂಗಾರಾನೂ ಗಾಡಿ ಮ್ಯಾಲ ಮಾರ್ತಾರೇನ್ರೀ?' ಎಂದು ಕೇಳಿದ ಕಥೆ ನಮ್ಮ ಕಡೆ ಮನೆಗೊಂದು ಇದೆ. ಮರಾಠಿಯಲ್ಲಿ ಭಂಗಾರ ಎಂದರೆ ಮೋಡಕಾ ಸಾಮಾನು. ಕನ್ನಡದಲ್ಲಿ ಬಂಗಾರ ಎಂದರೆ ಚಿನ್ನ. ನಡುವೆ ಇರೋದು ಒಂದು ಮಹಾಪ್ರಾಣ ಮಾತ್ರ. ಇಷ್ಟು ವರ್ಷ ಇದನ್ನು ನಾನೂ ಹೇಳಿ ನಗಿಸುತ್ತಿದ್ದೆ. ಈಚೆಗೆ ನಮ್ಮ ಅಕ್ಕನ ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ನಗು ಸ್ವಲ್ಪ ಕಡಿಮೆಯಾಗಿದೆ.

ಅಕ್ಕನ ಮನೆ ಹಳೇದು. ಕೆಡವಿ ಸ್ಲ್ಯಾಬ್ ಮನೆ ಕಟ್ಟಿಸಬೇಕೆಂದು ಅಟ್ಟದ ಮೇಲಿನ ಮೂರು ತಲೆಮಾರಿನ ಸಾಮಾನು ಕೆಳಗಿಳಿಸಿದರು. ತಾಮ್ರದ ಬಂಬ, ಹಿತ್ತಾಳೆ ಹಂಡೆ, ಎರಡು ಕೊಡ, ಗಂಗಾಳ, ಪರಾತ, ಅಡಕೊತ್ತು, ಶ್ಯಾವಿಗೆ ಒರಳು, ಸೇರು, ಪಾವು, ಕಂದೀಲು, ಪಂಪು ಹೊಡೆಯುವ ಸ್ಟೋ, ಬಟ್ಟೆಯ ಪಗಡೆ ಹಾಸು, ಒಂದು ಅಳಗುಳಿ ಮಣೆ. ಪಡಸಾಲೆ ತುಂಬಿ ಹೋಯಿತು. ಗಾಡಿಯವನನ್ನು ಕರೆಯಬೇಕು ಅನ್ನುವಷ್ಟರಲ್ಲಿ ಕೊಲ್ಹಾಪುರದಲ್ಲಿ ಕಾಲೇಜು ಓದುವ ಅಳಿಯ ಬಂದ. 'ಮಾಮಾ, ಕಿಲೋದ ಲೆಕ್ಕದಾಗ ಯಾಕ ಕೊಡೂದು? ಆನ್‌ಲೈನ್ ಲಿಲಾವಿಗೆ ಹಾಕ್ತೀನಿ, ನೋಡ್ರಿ ಮಜಾ' ಎಂದ. ಹುಡುಗನ ತಲೆ ಚುರುಕೈತಿ ಎಂದು ಎಲ್ಲರಿಗೂ ಖುಷಿಯಾಯಿತು.

ಮೊದಲು ಹಾಕಿದ್ದು ಅಳಗುಳಿ ಮಣೆ. ಮೊಬೈಲಿನಲ್ಲಿ ಫೋಟೋ ಹೊಡೆದು, 'ಡ್ರೈಫ್ರೂಟ್ ಇಡುವ ಕಟ್ಟಿಗೆಯ ಟ್ರೇ, 14 ಖಾನೆ' ಎಂದು ಬರೆದ. ಆತನ ತಪ್ಪೇನೂ ಇಲ್ಲ. ಆ ಮಣೆಯ ಮೇಲೆ ಹುಣಸೆ ಬೀಜ ಹಂಚಿ ಆಡಿದ್ದನ್ನು ಆತ ಕಂಡಿಲ್ಲ. 350 ರೂಪಾಯಿಗೆ ಮಾರಾಟವಾಯಿತು. ತಿಂಗಳು ತುಂಬುವುದರೊಳಗೆ ಅದೇ ತಾಣದಲ್ಲಿ ಅದೇ ಮಣೆ ಮತ್ತೆ ಕಾಣಿಸಿಕೊಂಡಿತು. ಮೂಲೆಯ ಬಿರುಕಿನಿಂದ ಗುರುತು ಸಿಕ್ಕಿತು. ಈ ಸಲ ಅದರ ಕೆಳಗೆ ಆಟದ ಹೆಸರಿತ್ತು, ಆಡುವ ರೀತಿ ಇತ್ತು, ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮನೆಗಳದ್ದು ಎಂಬ ವಿವರವಿತ್ತು. ಕೂಗು ಶುರುವಾಗಿದ್ದೇ 4,500 ರೂಪಾಯಿಯಿಂದ! ಮಣೆ ಅದೇ, ಬಿರುಕೂ ಅದೇ. ಬದಲಾದದ್ದು ಹೆಸರು ಮಾತ್ರ.

ಇದಕ್ಕಿಂತ ದೊಡ್ಡ ಪೆಟ್ಟು ಮರುದಿನ ಬೀಳೋದಿತ್ತು. ಹಿತ್ತಾಳೆ ಕೊಡದ ಕೊರಳ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿದ್ದವು. ಹೆಸರಿದ್ದರೆ 'ಬಳಸಿದ ಮಾಲು' ಅಂತ ಬೆಲೆ ಕಡಿಮೆಯಾದೀತೆಂದು ಅಳಿಯ ಉಸುಕಿನ ಕಾಗದ ತಂದು ಉಜ್ಜಲು ಕೂತಿದ್ದ. 'ಏನೋ ಅದು ಬರದದ್ದು?' ಎಂದು ಕೇಳಿದೆ. 'ಗೊತ್ತಿಲ್ಲ ಮಾಮಾ, ತೆಲುಗು ಇರಬೇಕು' ಎಂದ.

ತೆಲುಗಲ್ಲ, ಕನ್ನಡ. ಅವರ ಅಜ್ಜಿಯ ಹೆಸರು, ಕೊಟ್ಟ ಅಪ್ಪನ ಹೆಸರು, ಊರು. ಮನೆಯಲ್ಲಿ ಕನ್ನಡ ಮಾತಾಡುವ, ಶಾಲೆಯಲ್ಲಿ ಒಂದು ದಿನವೂ ಕನ್ನಡ ಓದದ ಹುಡುಗ ತನ್ನ ಅಜ್ಜಿಯ ಹೆಸರನ್ನೇ ಉಜ್ಜಿ ಅಳಿಸಲು ಕೂತಿದ್ದ. ನಾನು ಕೈ ಹಿಡಿದೆ. ಆತನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಆತನ ಪಾಲಿಗಿಂತ ನಮ್ಮ ಪಾಲು ಹೆಚ್ಚು.

ಕೊಡದ ಮೇಲಿನ ದಾಖಲೆ

ನಮ್ಮ ಹಿರಿಯರು ಭಾಂಡೆಗಳ ಮೇಲೆ ಹೆಸರು ಕೊರೆಸುತ್ತಿದ್ದುದು ಶೋಕಿಗಲ್ಲ. ಮದುವೆಯಲ್ಲಿ ಆಹೇರು ಬಂದ ಪಾತ್ರೆ ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು ಎಂದು ತಿಳಿಯಬೇಕಿತ್ತು. ಓಣಿಯಲ್ಲಿ ಒಬ್ಬರ ಮನೆ ಲಗ್ನಕ್ಕೆ ಹತ್ತು ಮನೆಯ ಹಂಡೆ, ಪರಾತ ಹೋಗುತ್ತಿದ್ದವು. ತಿರುಗಿ ಬರುವಾಗ ಅದಲುಬದಲಾಗದಿರಲಿ ಅಂತ ಹೆಸರು ಬೇಕಿತ್ತು. ತಾರೀಖು ಹಾಕಿಸಿದವರೂ ಇದ್ದಾರೆ.

ಈಗ ಅದೇ ಅಕ್ಷರಗಳು ಬೇರೆ ಕೆಲಸಕ್ಕೆ ಬರುತ್ತವೆ. ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1949ರಲ್ಲಿ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್‌ವಿಂಗಡಣೆಯಾಗಿ ಬೆಳಗಾವಿ ಆ ಕಡೆ ಹೋಯಿತು, ಕೊಲ್ಹಾಪುರ ಈ ಕಡೆ ಉಳಿಯಿತು. 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. ಆದರೆ ಹೆಣ್ಣು ಕೊಡೋದು, ತರೋದು ಯಾವ ವರ್ಷವೂ ನಿಲ್ಲಲಿಲ್ಲ. ನೂಲ, ಹಲಕರ್ಣಿ, ಹೆಬ್ಬಾಳದಂಥ ಊರುಗಳ ಮನೆಗಳಿಗೆ ಸಂಕೇಶ್ವರ, ನಿಪ್ಪಾಣಿ ಕಡೆಯ ಹೆಣ್ಣುಮಕ್ಕಳು ಬಂದರು. ಅವರ ಜೊತೆ ಕನ್ನಡ ಅಕ್ಷರದ ಕೊಡ, ತಂಬಿಗೆ ಬಂದವು. ಒಂದೇ ಮನೆಯ ಅಟ್ಟದಲ್ಲಿ ಅಜ್ಜಿಯ ಭಾಂಡೆ ಕನ್ನಡದಲ್ಲಿ, ಸೊಸೆಯದು ಮರಾಠಿಯಲ್ಲಿ, ಮೊಮ್ಮಗಳ ಸ್ಟೀಲ್ ಡಬ್ಬಿ ಇಂಗ್ಲಿಷ್‌ನಲ್ಲಿ ಇರುವುದನ್ನು ನಾನೇ ಕಂಡಿದ್ದೇನೆ. ನಮ್ಮ ಮನೆತನಗಳು ಎಲ್ಲಿಂದ ಬಂದವು, ಯಾವ ಭಾಷೆಯಲ್ಲಿ ಬರೆದವು ಎಂಬುದಕ್ಕೆ ಎಷ್ಟೋ ಮನೆಗಳಲ್ಲಿ ಈ ಭಾಂಡೆ ಬಿಟ್ಟರೆ ಬೇರೆ ಕಾಗದವಿಲ್ಲ. ಇದ್ದ ಕಾಗದಗಳಲ್ಲಿ ಕೆಲವು 2019ರ ಮತ್ತು 2021ರ ಪಂಚಗಂಗೆಯ ಮಹಾಪೂರದಲ್ಲಿ ತೊಯ್ದು ಹೋದವು. ಹಿತ್ತಾಳೆ ಮಾತ್ರ ಕೆಸರು ತೊಳೆದರೆ ಮತ್ತೆ ಓದಲು ಬಂತು.

ಹಾಗಂತ ಯಾವುದನ್ನೂ ಮಾರಲೇಬಾರದು ಎನ್ನುವವ ನಾನಲ್ಲ. ಇಚಲಕರಂಜಿಯ ಎರಡು ಖೋಲಿಯ ಮನೆಯಲ್ಲಿ, ಕೊಲ್ಹಾಪುರದ ಫ್ಲ್ಯಾಟಿನಲ್ಲಿ ಆಳೆತ್ತರದ ಬಂಬ ಎಲ್ಲಿ ಇಡೋದು? ಹೊಟ್ಟೆ ಬಟ್ಟೆ, ಮಕ್ಕಳ ಫೀ ಮುಂದಿದ್ದಾಗ ಹಂಡೆಯ ಮೇಲೆ ಮೋಹ ಇಟ್ಟುಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ. ಮಾರಿರಿ. ಆದರೆ ತೂಕಕ್ಕೆ ಮಾರಬೇಡಿ, ಹೆಸರು ಅಳಿಸಿ ಮಾರಬೇಡಿ. ನನ್ನ ವಾದ ಇಷ್ಟೇ.

ಹೆಸರಿಗೇ ಬೆಲೆ

ಈ ಆನ್‌ಲೈನ್ ಲಿಲಾವು ಏನು ಹೊಸದಲ್ಲ. ಅಮೆರಿಕದಲ್ಲಿ ಈಬೇ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟು ಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟದ್ದನ್ನೇ ಕೂಡಿಡುವವನೊಬ್ಬ ಅದನ್ನು ಬೇಕೆಂದೇ ಕೊಂಡನಂತೆ. ನಮ್ಮ ದೇಶದಲ್ಲಿ 2000ದಲ್ಲಿ ಬಾಜೀ ಡಾಟ್ ಕಾಮ್ ಬಂತು. 2004ರಲ್ಲಿ ಅದನ್ನು ಈಬೇ ಕೊಂಡಿತು. 2017ರಲ್ಲಿ ಈಬೇ ಇಂಡಿಯಾ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು, 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಈಗ ಹಳೇ ಸಾಮಾನು ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಹವ್ಯಾಸಿಗಳ ಗುಂಪಿನಲ್ಲಿ ಫೋಟೋ ಹಾಕಿ, ಇಷ್ಟು ಗಂಟೆಯೊಳಗೆ ಹೆಚ್ಚು ಕೂಗಿದವರಿಗೆ ಎಂದು ಲಿಲಾವು ನಡೆಯುತ್ತದೆ. ಅಂಗಡಿ ಬದಲಾಗಿದೆ, ಕೂಗುವ ರೀತಿ ಅದೇ.

ಮೋಡಕಾದವ ತಕ್ಕಡಿ ನೋಡುತ್ತಾನೆ. ಲಿಲಾವಿನಲ್ಲಿ ಕೂಗುವವ ನೋಡುವುದು ಬೇರೆ. ಇದು ಯಾವ ಊರಿನದು, ಏನಕ್ಕೆ ಬಳಸುತ್ತಿದ್ದರು, ಎಷ್ಟು ಹಳೇದು, ಪೂರ್ತಿ ಇದೆಯೋ ಇಲ್ಲವೋ. ಅದನ್ನು ಹೇಳಬಲ್ಲವರು ಯಾರು? ನಮ್ಮ ಅವ್ವ, ಅಜ್ಜಿ, ಅತ್ತೆ. ತಿಳಿವಳಿಕೆ ನಮ್ಮ ಅಡಿಗೆಮನೆಯಲ್ಲಿ ಇದೆ, ಅದರ ಲಾಭ ಊರಾಚೆಯವರಿಗೆ ಹೋಗುತ್ತಿದೆ. ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ. ಆತ ಹೆಸರು ಕೇಳಿ ತಿಳಿದುಕೊಂಡ, ನಾವು ಮನೆಯವರನ್ನೇ ಕೇಳಲಿಲ್ಲ.

ಸೇರು, ಪಾವಿನ ಮಾತು ತಗೊಳ್ಳಿ. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ, 1958ರಿಂದ ಹಂತಹಂತವಾಗಿ ಕಿಲೋ, ಲೀಟರು ಬಂದು ಇವು ಮೂಲೆ ಸೇರಿದವು. ಹೀಗಾಗಿ ಸರಕಾರಿ ಮುದ್ರೆ ಒತ್ತಿದ ಸೇರು ನಿಮ್ಮಲ್ಲಿದ್ದರೆ ಅದರ ವಯಸ್ಸನ್ನು ಮುದ್ರೆಯೇ ಹೇಳುತ್ತದೆ. ಮುದ್ರೆಯ ಫೋಟೋ ಹತ್ತಿರದಿಂದ ಬೇರೆಯಾಗಿ ತೆಗೆಯಬೇಕು.

ಇಚಲಕರಂಜಿಯವರ ಮನೆಯಲ್ಲಿ ಇನ್ನೊಂದು ನಿಧಿ ಇದೆ. ಅಲ್ಲಿ ಮೊದಲ ಪಾವರ್‌ಲೂಮ್ ಬಂದದ್ದು 1904ರಲ್ಲಿ. ನೇಕಾರಿಕೆಗೆ ಬಂದು ನೆಲೆಸಿದ ಕನ್ನಡ ಮನೆಗಳು ಎಷ್ಟೋ ಇವೆ. ಲಾಳಿಯಿಲ್ಲದ ಹೊಸ ಮಗ್ಗಗಳು ಬಂದಂತೆ ತುದಿಗೆ ಲೋಹ ಕೂರಿಸಿದ ಕಟ್ಟಿಗೆಯ ಲಾಳಿ, ಕಟ್ಟಿಗೆಯ ಬಾಬಿನ್ ಚೀಲಗಟ್ಟಲೆ ಒಲೆಗೆ ಹೋದವು. ಅದೇ ಲಾಳಿಯನ್ನು ದೂರದ ಊರಿನವರು ಗೋಡೆಗೆ ತೂಗುಹಾಕಲು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಯಾವ ಬಗೆಯ ಮಗ್ಗದ್ದು, ಅದರಲ್ಲಿ ಏನು ನೇಯುತ್ತಿದ್ದರು ಎಂಬ ಎರಡು ಸಾಲು ನೇಕಾರನೇ ಬರೆದರೆ ಆ ಲಾಳಿಯ ಮಾತೇ ಬೇರೆ.

ಆಟದ ಸಾಮಾನಿಗೆ ಲೆಕ್ಕ ಮುಖ್ಯ. ಗಡಹಿಂಗ್ಲಜದಿಂದ ಆಜರೆ ದಾಟಿ ಆಂಬೋಲಿ ಘಾಟ ಇಳಿದರೆ ಸಾವಂತವಾಡಿ. ಅಲ್ಲಿಯ ಗಂಜೀಫಾ ಎಲೆಗಳು ಹೆಸರುವಾಸಿ. ದಶಾವತಾರದ ಗಂಜೀಫಾ ಎಂದರೆ ಅವತಾರಕ್ಕೆ 12ರಂತೆ 120 ಎಲೆ. ಹಳೇ ಪೆಟ್ಟಿಗೆ ಸಿಕ್ಕರೆ ಮೊದಲು ಎಣಿಸಿರಿ. ನಾಲ್ಕು ಎಲೆ ಕಡಿಮೆ ಇದ್ದರೆ ಹಾಗೆಂದೇ ಬರೆಯಿರಿ. ಪಗಡೆಯ ಕಾಯಿ, ದಾಳ, ಕವಡೆಗೂ ಇದೇ ಮಾತು. ಹಾಸು ಹರಿದಿದ್ದರೂ ಕೊಳ್ಳುವವರಿದ್ದಾರೆ. ಸುಳ್ಳು ಹೇಳಿ ಮಾರಿದರೆ ಮಾತ್ರ ಮಾಲು ತಿರುಗಿ ಬರುತ್ತದೆ, ನಮ್ಮ ಊರಿನ ಹೆಸರೂ ಕೆಡುತ್ತದೆ.

ಒಬ್ಬರು ಕೂಡಿಟ್ಟರೆ ಏನಾಗುತ್ತದೆ

ಪುಣೆಗೆ ಹೋದವರು ರಾಜಾ ದಿನಕರ ಕೇಳಕರ ವಸ್ತು ಸಂಗ್ರಹಾಲಯ ನೋಡಿರಬಹುದು. ದಿನಕರ ಕೇಳಕರ ಕನ್ನಡಕದ ವ್ಯಾಪಾರಿ, ಕವಿ. ಸುಮಾರು 1920ರಿಂದ ಊರೂರು ಅಲೆದು ದೀಪ, ಅಡಕೊತ್ತು, ಅಡಿಗೆ ಪಾತ್ರೆ, ಆಟದ ಸಾಮಾನು ಕೂಡಿಸಿದರು. ಸಣ್ಣ ವಯಸ್ಸಿನಲ್ಲೇ ತೀರಿದ ಮಗ ರಾಜಾನ ಹೆಸರಿಟ್ಟು, 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಅವರು ಕೊಂಡದ್ದರಲ್ಲಿ ಬಹಳಷ್ಟು ಯಾರದೋ ಮನೆಯಲ್ಲಿ ಬೇಡವಾದ ಸಾಮಾನೇ.

ಅಷ್ಟು ದೂರ ಯಾಕೆ, ನಮ್ಮ ಕೊಲ್ಹಾಪುರದ ಟೌನ್ ಹಾಲ್ ವಸ್ತು ಸಂಗ್ರಹಾಲಯಕ್ಕೇ ಹೋಗಿ ಬನ್ನಿ. 1940ರ ದಶಕದಲ್ಲಿ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬ ಅಗೆದಾಗ ಸಿಕ್ಕ ಕಂಚಿನ ಸಾಮಾನು ಅಲ್ಲಿದೆ. ಸಮುದ್ರದೇವ ಪೊಸೈಡಾನನ ಸಣ್ಣ ಮೂರ್ತಿಯ ಜೊತೆಗೆ ಸಿಕ್ಕದ್ದು ಕಂಚಿನ ಪಾತ್ರೆಗಳು. ಒಂದು ಕಾಲಕ್ಕೆ ಅವೂ ಯಾರೋ ಕೈಯಲ್ಲಿ ಹಿಡಿದು ಬಳಸಿದ ಸಾಮಾನು. ಯಾರಾದರೂ ಕರಗಿಸಿದ್ದರೆ, ರೋಮಿನ ಜೊತೆ ಈ ಊರಿನ ನಂಟು ಹೇಳುವ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಕಣೇರಿ ಮಠದ ಸಿದ್ಧಗಿರಿ ಸಂಗ್ರಹಾಲಯದಲ್ಲಿ ಹಳ್ಳಿಯ ಕಸುಬುಗಳನ್ನು ಮೂರ್ತಿಗಳಲ್ಲಿ ತೋರಿಸಿದ್ದಾರೆ. ಮಕ್ಕಳನ್ನು ಕರೆದೊಯ್ದು, 'ಇದೇ ಒಳ್ಳು ನಮ್ಮ ಹಿತ್ತಲದಾಗ ಐತಿ ನೋಡು' ಎಂದು ಹೇಳಲು ಅದಕ್ಕಿಂತ ಹತ್ತಿರದ ಜಾಗ ಬೇರೆ ಇಲ್ಲ.

ಮಾರುವ ಮೊದಲು

ಮಾರುವುದೆಂದು ನಿಶ್ಚಯಿಸಿದವರಿಗೆ ನಾಲ್ಕು ಮಾತು. ನಾವು ಪೆಟ್ಟು ತಿಂದು ಕಲಿತದ್ದು.

ಒಂದು, ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ತಿಕ್ಕಬೇಡಿ. ಕೂಡಿಡುವವರಿಗೆ ಹಳೇ ಬಣ್ಣವೇ ಬೇಕು. ಧೂಳು ಒರೆಸಿದರೆ ಸಾಕು. ತಳ, ಒಳಗಿನ ಕಲಾಯಿ, ನಡುವೆ ಹಲ್ಲಿನಂತೆ ಕೂಡಿಸಿದ ಬೆಸುಗೆ, ಸುತ್ತಿಗೆಯ ಪೆಟ್ಟಿನ ಗುರುತು, ಇವುಗಳ ಫೋಟೋ ಬೇರೆ ಬೇರೆ ತೆಗೆಯಿರಿ. ಹೊಸ ಮಾಲಿಗೆ ಹಳೇ ಬಣ್ಣ ಕೊಟ್ಟು ಮಾರುವವರು ಬಹಳ ಇರುವುದರಿಂದ ಕೊಳ್ಳುವವರು ಇದನ್ನೇ ಕೇಳುತ್ತಾರೆ. ಎತ್ತರ, ಅಗಲ, ತೂಕ ಬರೆಯಿರಿ. ಆ ದಿನದ ಹಿತ್ತಾಳೆ, ತಾಮ್ರದ ಮೋಡಕಾ ದರ ಕೇಳಿಕೊಂಡು, ಅದಕ್ಕಿಂತ ಮೇಲಿನಿಂದಲೇ ಕೂಗು ಶುರುಮಾಡಿರಿ.

ಎರಡು, ಹೆಸರನ್ನು ಕನ್ನಡದಲ್ಲಿ ಮೊದಲು ಬರೆಯಿರಿ, ಪಕ್ಕದಲ್ಲಿ ಮರಾಠಿ, ಇಂಗ್ಲಿಷ್ ಇರಲಿ. ಅಳಗುಳಿ ಮಣೆ ಎಂದು ಹುಡುಕುವವನಿಗೆ 'ಟ್ರೇ' ಸಿಗುವುದಿಲ್ಲ. ಕೊರೆದ ಅಕ್ಷರವಿದ್ದರೆ ಓದಿ ಹೇಳಿರಿ. ಅದು ಕಲೆಯಲ್ಲ, ಗುರುತು.

ಮೂರು, ಕಾಯ್ದೆ ನೆನಪಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಶಲತೆಯ ವಸ್ತು ಪುರಾತನ ವಸ್ತುವಾಗುತ್ತದೆ. ಕೈಬರಹದ ಹೊತ್ತಿಗೆ, ತಾಡವೋಲೆಗಳಿಗೆ 75 ವರ್ಷ. ಇಂಥದ್ದನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ, ಕಳಿಸಿದರೆ ಜೈಲು ಇದೆ. ಇದನ್ನೇ ಧಂದೆ ಮಾಡುವವರಿಗೆ ಲೈಸನ್ಸ್ ಬೇಕು. ದುಬೈಯಿಂದಲೋ ಅಮೆರಿಕದಿಂದಲೋ ಹೆಚ್ಚಿನ ಕೂಗು ಬಂತೆಂದು ಹಿಗ್ಗಿ ಪಾರ್ಸಲ್ ಕಟ್ಟುವ ಮೊದಲು ಭಾರತೀಯ ಪುರಾತತ್ವ ಇಲಾಖೆಯಿಂದ ಪುರಾತನವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಹಾಗೆಯೇ ಪಗಡೆಯ ದಾಳ ಆನೆದಂತದ್ದಾದರೆ, ಚೂರಿಯ ಹಿಡಿ ಜಿಂಕೆ ಕೊಂಬಿನದಾದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅವನ್ನು ಲಿಲಾವಿಗೆ ಹಾಕಲೇಬೇಡಿ.

ನಾಲ್ಕು, ಮೋಸದ ಕೂಗು. 'ಅಕ್ಕಾರ, ದುಡ್ಡು ಕಳಸಾಕತ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ' ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಬೇಕು. ಪೆಟ್ಟು ತಿಂದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ. ಮನೆಗೆ ಬಂದು ನೋಡುತ್ತೇವೆ ಎನ್ನುವವರನ್ನು ಒಬ್ಬರೇ ಇದ್ದಾಗ ಕರೆಯಬೇಡಿ.

ನಮ್ಮ ಸಂಘ, ಮಹಿಳಾ ಮಂಡಳಗಳವರಿಗೂ ಒಂದು ಮಾತು. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಭಾಷಣ, ಹಾಡು ಆಗುತ್ತವೆ, ಆಗಲಿ. ಅದೇ ದಿನ ಮನೆಗೊಂದು ಹಳೇ ಭಾಂಡೆ ತರಲು ಹೇಳಿ. ಮೇಜಿನ ಮೇಲೆ ಸಾಲಾಗಿ ಇಡಿ. ಮೇಲಿನ ಅಕ್ಷರ ಹಿರಿಯರು ಓದಲಿ, ಮಕ್ಕಳು ವಹಿಯಲ್ಲಿ ಬರೆದುಕೊಳ್ಳಲಿ, ಮೊಬೈಲಿನಲ್ಲಿ ಫೋಟೋ ಹೊಡೆಯಲಿ. ಖರ್ಚು ಏನೂ ಇಲ್ಲ. ಕನ್ನಡ ಶಾಲೆ ಇಲ್ಲದ ಊರಿನಲ್ಲಿ ಕನ್ನಡ ಕಲಿಸಲು ತಂಬಿಗೆಯೂ ಒಂದು ಪಾಟಿಯಾದೀತು.

ಅಕ್ಕನ ಮನೆಯ ಕಥೆ ಮುಗಿಸಿಬಿಡುತ್ತೇನೆ. ಬಂಬ, ಒಂದು ಹಂಡೆ, ಪರಾತ, ಸ್ಟೋ ಮಾರಾಟವಾದವು. ಈ ಸಲ ಅಕ್ಕ ಹೇಳುತ್ತಾ ಹೋದಳು, ಅಳಿಯ ಬರೆಯುತ್ತಾ ಹೋದ. ಬಂಬದ ಬಗ್ಗೆ ಅಕ್ಕ ಹೇಳಿದ್ದು ಇಷ್ಟೇ, 'ಬಾಣಂತನದಾಗ ನಾ ಇದರ ನೀರಾಗ ಜಳಕ ಮಾಡೇನಿ, ನೀನೂ ಮಾಡಿ'. ಅದನ್ನೂ ಆತ ಬರೆದ. ಗಾಡಿಯವ ಹೇಳಿದ್ದಕ್ಕಿಂತ ದುಪ್ಪಟ್ಟು ಬಂತು. ಅಳಗುಳಿ ಮಣೆ ಮಾತ್ರ ಹೋದದ್ದು ಹೋಯಿತು, 4,500 ಕೊಟ್ಟು ತಿರುಗಿ ತರುವ ಶಕ್ತಿ ನಮಗಿಲ್ಲ.

ಅಕ್ಷರದ ಕೊಡ ಮಾರಲಿಲ್ಲ. ಒಂದು ಕಡೆ ಉಸುಕಿನ ಕಾಗದದ ಗೀರು ಬಿದ್ದು ಎರಡು ಅಕ್ಷರ ಮಸುಕಾಗಿವೆ. ಮೊನ್ನೆ ಹೋದಾಗ ಅಳಿಯ ಅದರ ಮುಂದೆ ಕೂತು ಬೆರಳಿಟ್ಟು ಓದುತ್ತಿದ್ದ. ಅಪ್ಪನ ಹೆಸರು, ಅಜ್ಜಿಯ ಹೆಸರು ಬಂದವು. ಒತ್ತಕ್ಷರ ಬಂದಲ್ಲಿ ನಿಂತು, 'ಇದು ಹೆಂಗ ಓದೂದು ಮಾಮಾ?' ಎಂದು ಕೇಳಿದ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಈ ದೀಪಾವಳಿಗೆ ಗಾಡಿಯವನನ್ನು ಕರೆಯುವ ಮೊದಲು, ಲಿಲಾವಿಗೆ ಹಾಕುವ ಮೊದಲು, ಕೆಳಗಿಳಿಸಿ ಕೊರಳ ಹತ್ತಿರ ಒಮ್ಮೆ ನೋಡಿ. ಓದಲು ಬಾರದಿದ್ದರೆ ಮನೆಯ ಹಿರಿಯರನ್ನು ಕರೆದು ಓದಿಸಿರಿ. ಅವರು ಇದ್ದಾಗಲೇ ಓದಿಸಿರಿ.